ನಿಮ್ಮ ಮೋಟರ್ ಚಾಲೂ ಆಗಿದೆ

ಸುರಪುರದ ಆಸ್ಪತ್ರೆಯವರು ದೇವಕಮ್ಮಳನ್ನು ಮನೆಗೆ ಕಳಿಸಿದ್ದು ಸರಿಯಾಗಿ ಎಳ್ಳಮಾಸಿಯ ದಿನ. ಕೂಸು ಹುಟ್ಟಿ ಆರು ದಿನವಾಗಿತ್ತು. ಎರಡು ಕಿಲೋ ತುಂಬಲು ಇನ್ನೂ ನೂರು ಗ್ರಾಂ ಕಮ್ಮಿ. ಡಾಕ್ಟರಮ್ಮ ಎರಡೆರಡು ಸಲ ಹೇಳಿದ್ದರು: ಕೂಸಿಗೆ ಚಳಿ ಹತ್ತಬಾರದು, ಮೈ ತಣ್ಣಗಾದರೆ ತಡಮಾಡದೆ ಕರಕೊಂಡು ಬನ್ನಿ.

ಅವಳ ಅಪ್ಪ ಖಂಡಪ್ಪ ತನ್ನ ಮನಿಗಾಡಿಯಲ್ಲೇ ಕರೆತಂದ. ಶಹಾಪುರದ ದಾರಿಯಲ್ಲಿ ಕಾಲುವೆಗೆ ಅಂಟಿಕೊಂಡ ಹಳ್ಳಿ ಅವನದು. ಗಾಡಿ ಅಂಗಳಕ್ಕೆ ಬಂದು ನಿಲ್ಲುವುದರೊಳಗೆ ಅವನ ಅವ್ವ ಕರೆಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಹೊಸ್ತಿಲ ಮೇಲೆ ಅಡ್ಡಲಾಗಿ ಒನಕೆ ಇಟ್ಟಿದ್ದಳು.

"ಅಮಾಸಿ ದಿನ ಬಾಣಂತಿ ಹೊಸ್ತಿಲಾ ದಾಟ್ತಾಳೇನೋ? ಊರ ಮಂದಿ ಮೋಟರ್ ರಿಪೇರಿ ಮಾಡ್ತಿ, ಮದ್ಲ ನಿನ್ನ ತಲಿ ರಿಪೇರಿ ಮಾಡ್ಕೋ."

"ಮತ್ತ ಎಲ್ಲಿ ಇಡ್ಲಿ ಯವ್ವಾ? ಆಸ್ಪತ್ರ್ಯಾಗ ಹಾಸಿಗಿ ಖಾಲಿ ಮಾಡ್ರಿ ಅಂದ್ರು."

"ನಾಳಿ ಮುಂಜಾನಿ ಏಳೂ ಹತ್ತಕ್ಕ ಅಮಾಸಿ ಹೋಗ್ತೈತಿ. ಅಲ್ಲೀಮಟ ಗಾಡ್ಯಾಗ ಇರ್ಲಿ. ಮನಿಗಾಡಿ ಅಂತೀಯಲ್ಲ, ಮನಿ ಆಗ್ಲಿ ಒಂದ್ ರಾತ್ರಿ."

ಖಂಡಪ್ಪನ ಹೆಂಡತಿ ತೀರಿಹೋಗಿ ಒಂಬತ್ತು ವರ್ಷ. ಮಗಳ ಬಾಣಂತನ ಮಾಡುವವಳು ಕರೆಮ್ಮನೇ. ಹಾಗಾಗಿ ಬಾಣಂತನದ ಕಾಯಿದೆಯೂ ಅವಳದೇ.

ಮನಿಗಾಡಿ ಎಂದರೆ ಹಾಸಿಗೆ, ಒಲೆ, ನೀರಿನ ಟಾಕಿ ಎಲ್ಲ ಒಳಗೇ ಇರುವ ವ್ಯಾನು. ಪುಣೆಯ ಗಂಡ ಹೆಂಡತಿ ಅದರಲ್ಲಿ ಹಿಮಾಲಯ ಸುತ್ತಿ ವಾಪಸು ಬರುವಾಗ ಶಹಾಪುರದ ಹತ್ತಿರ ಇಂಜಿನ್ ಕೆಟ್ಟು ಕೂತಿದ್ದರು. ಗಾಡಿಯನ್ನು ಖಂಡಪ್ಪನಿಗೇ ಮಾರಿ, ಬಸ್ಸು ಹತ್ತಿ ಹೋದರು. ಖಂಡಪ್ಪ ಅದನ್ನು ಮತ್ತೆ ಓಡಾಡುವಂತೆ ಮಾಡಿ, ಪಂಪ್‌ಸೆಟ್ ರಿಪೇರಿಗೆ ವಡಗೇರಾ, ಕೊಡೇಕಲ್ ಅಂತ ತಿರುಗುತ್ತಿದ್ದ. ಅದರೊಳಗೊಂದು ಡೀಸೆಲ್ ಹೀಟರ್ ಇತ್ತು. "ಬ್ಯಾಸಿಗ್ಯಾಗ ನಲವತ್ನಾಕು ಡಿಗ್ರಿ ಸುಡೋ ಊರಾಗ ಇವಗ ಹೀಟರ್ ಬೇಕಾಗೈತಿ!" ಎಂದು ಚಹದಂಗಡಿಯಲ್ಲಿ ನಗದವರೇ ಇರಲಿಲ್ಲ.

ಆ ಹೀಟರಿನ ಕೆಲಸ ಸರಳ. ಹನಿಹನಿಯಾಗಿ ಡೀಸೆಲ್ ಎಳೆದುಕೊಂಡು ಒಂದು ಡಬ್ಬಿಯೊಳಗೆ ಉರಿಸುತ್ತದೆ. ಬಿಸಿಗಾಳಿ ಗಾಡಿಯೊಳಗೆ ಬರುತ್ತದೆ, ಹೊಗೆ ಹೆಬ್ಬೆರಳಿನಷ್ಟು ದಪ್ಪದ ಕೊಳವೆಯಿಂದ ಗಾಡಿಯ ಕೆಳಗೆ ಹೊರಹೋಗುತ್ತದೆ. ಅದರ ರಿಮೋಟು ಯಾವತ್ತೋ ಕೆಟ್ಟಿತ್ತು. ಖಂಡಪ್ಪ ಅದರ ಜಾಗಕ್ಕೆ ರೈತರ ಪಂಪ್‌ಸೆಟ್ಟಿಗೆ ಹಾಕುವ ಮೊಬೈಲ್ ಸ್ಟಾರ್ಟರ್ ಕೂಡಿಸಿದ್ದ. ಎಲ್ಲಿಂದಾದರೂ ಆ ನಂಬರಿಗೆ ಫೋನ್ ಹಚ್ಚಿದರೆ ಹೀಟರ್ ಹೊತ್ತಿಕೊಳ್ಳುತ್ತಿತ್ತು, ಮತ್ತೊಮ್ಮೆ ಹಚ್ಚಿದರೆ ಆರುತ್ತಿತ್ತು. ಹೊತ್ತಿದ ಕೂಡಲೆ ಒಬ್ಬ ಹೆಣ್ಣುಮಗಳ ದನಿ "ನಿಮ್ಮ ಮೋಟರ್ ಚಾಲೂ ಆಗಿದೆ" ಎಂದು ಹೇಳುತ್ತಿತ್ತು. ನಡುವೆ ಹೀಟರ್ ನಿಂತುಹೋದರೆ ಅದೇ ದನಿ ತಾನಾಗಿ ಖಂಡಪ್ಪನ ಫೋನಿಗೆ ಕರೆ ಮಾಡಿ ತಿಳಿಸುತ್ತಿತ್ತು.

ಒಂದು ಕೆಲಸ ಮಾತ್ರ ಬಾಕಿ ಉಳಿದಿತ್ತು. ಸ್ಟಾರ್ಟರಿನ ವೈರು ತರಲು ಹಾಸಿಗೆಯ ಕೆಳಗೆ ನೆಲದ ತಗಡಿಗೆ ಕೊರೆದ ತೂತನ್ನು ಮುಚ್ಚಿರಲಿಲ್ಲ. ಇವತ್ತು ಮುಚ್ಚೋಣ, ನಾಳೆ ಮುಚ್ಚೋಣ ಎಂದು ಎರಡು ತಿಂಗಳಾಗಿತ್ತು.

ಸಂಜೆ ಕರೆಮ್ಮ ಅಗ್ಗಿಷ್ಟಿಗಿಯಲ್ಲಿ ಕೆಂಡ ತುಂಬಿಕೊಂಡು ಗಾಡಿ ಹತ್ತಲು ಬಂದಾಗ ಖಂಡಪ್ಪ ಕೈ ಹಿಡಿದು ನಿಲ್ಲಿಸಿದ.

"ಬ್ಯಾಡ ಯವ್ವಾ. ಸಣ್ಣ ಜಾಗಾ. ಕೆಂಡದ ಗಾಳಿ ಮನಶಾನ್ನ ಮಲಗಿಸಿಬಿಡ್ತೈತಿ."

"ನಿಮ್ಮನ್ನೆಲ್ಲಾ ಕೆಂಡದ ಮ್ಯಾಲೇ ಕಾಸಿ ದೊಡ್ಡವ್ರನ್ನ ಮಾಡೇನಿ. ಸತ್ತೀಯೇನು?"

"ಆ ಮನ್ಯಾಗ ಹಂಚಿನ ಸಂದಿಲೆ ಹೊಗಿ ಹೋಗ್ತಿತ್ತು. ಇದು ತಗಡಿನ ಡಬ್ಬಿ."

ಕೆಂಡ ಒಲೆಗೆ ವಾಪಸಾಯಿತು. ಕರೆಮ್ಮ ಗಾಡಿಯ ಕಿಟಕಿಗಳ ಸಂದಿಗೆಲ್ಲ ಹಳೆ ಸೀರೆಯ ಚಿಂದಿ ತುರುಕಿದಳು. ಮೊಮ್ಮಗಳ ಕಿವಿಗೆ ಹತ್ತಿ ಇಟ್ಟಳು, ಕೂಸಿನ ತಲೆ ಮುಚ್ಚುವಂತೆ ಕುಂಚಿಗಿ ಕಟ್ಟಿದಳು. ಬಾಣಂತಿ ಫೋನ್ ನೋಡಿದರೆ ಕಣ್ಣು ಹೋಗುತ್ತವೆ ಎಂದು ದೇವಕಮ್ಮಳ ಫೋನನ್ನು ಕಸಿದು ಆರಿಸಿ ತನ್ನ ಎಲಿಅಡಿಕೆ ಚೀಲಕ್ಕೆ ಹಾಕಿಕೊಂಡಳು.

"ಆಯಿ, ಒಂದೀಟು ಗಾಳಿ ಬಿಡ. ಉಸುರು ಕಟ್ಟಿದಂಗ ಆಗ್ತೈತಿ," ಅಂದಳು ದೇವಕಮ್ಮ.

"ಹಡದಾಕಿಗೆ ಗಾಳಿ ಬಡದ್ರ ಜಲ್ಮಪೂರ್ತಿ ಸೊಂಟ ಹಿಡ್ಕೊಂಡು ಕುಂದರ್ತಿ. ಮಲ್ಕೋ ಸುಮ್ನ."

ರಾತ್ರಿ ಸುಸೂತ್ರವಾಗಿ ಕಳೆಯಿತು. ಮೂರು ಸಲ ಹೀಟರ್ ಹೊತ್ತಿತು, ಮೂರು ಸಲ ಆರಿತು. ಕೂಸಿನ ಅಂಗಾಲು ಬೆಚ್ಚಗಿತ್ತು.

ಮುಂಜಾನೆ ಐದರಿಂದ ಏಳರವರೆಗೆ ಖಂಡಪ್ಪನ ಹೊಲಕ್ಕೆ ಕಾಲುವೆ ನೀರಿನ ಪಾಳಿ. ಪಾಳಿ ತಪ್ಪಿದರೆ ಮುಂದಿನ ನೀರು ಹತ್ತು ದಿನಕ್ಕೆ. ಸಲಿಕೆ ಹೆಗಲಿಗೇರಿಸಿ ಒಂದೂವರೆ ಮೈಲು ಆಚೆಯ ತೂಬಿಗೆ ಹೋದ. ಅಲ್ಲಿ ಮುಂದಿನ ಪಾಳಿಯ ಪರಮಣ್ಣ ಆಗಲೇ ಬಂದು, ಮೋಟರ್‌ಸೈಕಲ್ ನಿಲ್ಲಿಸಿ, ಬೀಡಿ ಹಚ್ಚಿ ಕೂತಿದ್ದ.

"ನಿನ್ನ ಪಾಳಿ ಏಳಕ್ಕ ಮಾವ. ಇಷ್ಟು ಲಗೂನ ಯಾಕ ಬಂದಿ?"

"ನೀ ಏಳೂ ಐದರತನಕ ನೀರು ಹಾಯಿಸೋ ಗಿರಾಕಿ. ಕಾಯಾಕ ಬಂದೇನಿ."

ಕಾಲುವೆಯ ಮೇಲಿಂದ ಬೀಸುವ ಗಾಳಿ ಕಿವಿ ಕೊರೆಯುತ್ತಿತ್ತು. ಆರಕ್ಕೆ ಹತ್ತು ನಿಮಿಷ ಇರುವಾಗ ಖಂಡಪ್ಪನಿಗೆ ಕೂಸು ನೆನಪಾಯಿತು. ಫೋನ್ ಹಚ್ಚಿದ. "ನಿಮ್ಮ ಮೋಟರ್ ಚಾಲೂ ಆಗಿದೆ."

ಪರಮಣ್ಣ ನಕ್ಕ. "ಮಮ್ಮಗಗ ಎಷ್ಟು ಎಚ್‌ಪಿ ಮೋಟರ್ ಕೂಡ್ಸಿದ್ಯೋ?"

"ಮಮ್ಮಗಳು, ಮಾವ."

"ಹಂಗಾರ ಹತ್ತು ಎಚ್‌ಪಿ ಬೇಕಾಗ್ತೈತಿ ಬಿಡು."

ಆರು ಹೊಡೆಯುವ ಹೊತ್ತಿಗೆ ದೂರದ ಊರಿನ ದೀಪಗಳೆಲ್ಲ ಒಟ್ಟಿಗೆ ಆರಿದವು. ದಿನಾ ಈ ಹೊತ್ತಿಗೆ ಕರೆಂಟ್ ಹೋಗುವುದೇ. ಅದೇ ಕತ್ತಲಲ್ಲಿ ಕರೆಮ್ಮ ಚಹದ ಕಿಟ್ಲಿ ಹಿಡಿದು ಏರಿಯ ಮೇಲೆ ಬಂದಳು.

"ಕೂಸಿನ್ನ ಬಿಟ್ಟು ಯಾಕ ಬಂದಿ ಯವ್ವಾ?"

"ತಾಯಿ ಮಗಳು ಇಬ್ರೂ ಗಪ್ಪನ ಮಲಗ್ಯಾರ. ಸಂದಿಲೆ ಒಂದು ಸೊಳ್ಳಿ ಹೋಗದಂಗ ಬಂದೋಬಸ್ತ್ ಮಾಡೇನಿ." ಚಹ ಬಗ್ಗಿಸುತ್ತ ಹೆಮ್ಮೆಯಿಂದ ಹೇಳಿದಳು. "ನೋಡು, ಗಾಡಿ ಬುಡಕ ಒಂದು ಕೊಳವಿ ಐತೆಲ್ಲ, ಬೆಳತನಕ ಗಾಳಿ ಸುಂಯ್ ಸುಂಯ್ ಅಂತಿತ್ತು ಅದ್ರಾಗ. ಚಿಂದಿ ಜಡದು, ಮ್ಯಾಲೆ ಹಸಿಮಣ್ಣು ಮೆತ್ತಿ ಬಂದೇನಿ, ಜ್ವಾಳ ತುಂಬಿದ ಹಗೇವಿನ ಬಾಯಿ ಮೆತ್ತಿದಂಗ."

ಖಂಡಪ್ಪನ ಕೈಯಿಂದ ಲೋಟ ಜಾರಿತು.

ಹೊಗೆ ಹೊರಹೋಗುವ ಬಾಯಿ ಮುಚ್ಚಿದೆ. ಒಳಗೆ ಹೀಟರ್ ಉರಿಯುತ್ತಿದೆ. ಹೊಗೆ ಬಿರುಕು ಹುಡುಕುತ್ತದೆ, ಗಾಡಿಯ ಕೆಳಗೆಲ್ಲ ತುಂಬುತ್ತದೆ. ಹಾಸಿಗೆಯ ಅಡಿಯಲ್ಲಿ ತಾನು ಬಿಟ್ಟ ತೂತು ಇದೆ. ಕಿಟಕಿಗಳ ಸಂದಿಯಲ್ಲೆಲ್ಲ ಚಿಂದಿ ಇದೆ.

"ಯವ್ವಾ, ಅದು ಹೊಗಿ ಹೋಗೋ ಕೊಳವಿ!"

ಫೋನ್ ಹಚ್ಚಿದ. ಗಂಟೆ ಹೊಡೆಯಲಿಲ್ಲ. "ನೀವು ಕರೆ ಮಾಡಿದ ಚಂದಾದಾರರು..." ಮತ್ತೆ ಹಚ್ಚಿದ. ಈ ಸಲ ಆ ಮಾತೂ ಇಲ್ಲ. ಕರೆಂಟಿನ ಜೊತೆ ಟವರೂ ಹೋಗಿತ್ತು.

"ದೇವಕಿ ಫೋನ್ ಎಲ್ಲೈತಿ?"

ಕರೆಮ್ಮ ಮೆಲ್ಲಗೆ ಎಲಿಅಡಿಕೆ ಚೀಲ ಮುಟ್ಟಿಕೊಂಡಳು.

ಪರಮಣ್ಣ ಬೀಡಿ ಎಸೆದು ಆಗಲೇ ಕಿಕ್ ಹೊಡೆಯುತ್ತಿದ್ದ. ಚಳಿಗೆ ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೂರನೆಯದಕ್ಕೆ ಹಿಡಿಯಿತು. "ಹತ್ತೋ! ನೀರು ಹಾಳಾಗಿ ಹೋಗ್ಲಿ, ಹತ್ತು!"

ಏರಿಯ ಮೇಲಿನ ದಾರಿ ಎರೆಮಣ್ಣು. ಪರಮಣ್ಣ ಹ್ಯಾಂಡಲ್ ಬಿಗಿ ಹಿಡಿದು ಬಗ್ಗಿದ್ದ. ಹಿಂದೆ ಕೂತ ಖಂಡಪ್ಪ ಮತ್ತೆ ಮತ್ತೆ ಅದೇ ನಂಬರು ಒತ್ತುತ್ತಿದ್ದ. ಹೀಟರ್ ಹೊತ್ತಿ ಎಷ್ಟು ಹೊತ್ತಾಯಿತು? ಹದಿಮೂರು ನಿಮಿಷ. ಹದಿನಾಲ್ಕು. ದೊಡ್ಡವರಿಗೆ ಮೊದಲು ತಲೆ ನೋಯುತ್ತದೆ, ಕೈಕಾಲು ಸೋಲುತ್ತವೆ, ಆಮೇಲೆ ಹಾಯಾಗಿ ನಿದ್ದೆ ಬರುತ್ತದೆ. ಎರಡು ಕಿಲೋ ಇಲ್ಲದ ಕೂಸಿಗೆ?

"ಇನ್ನೊಂದೀಟು ಓಡ್ಸು ಮಾವ."

"ಇನ್ನ ಓಡ್ಸಿದ್ರ ಇಬ್ರೂ ಕಾಲುವ್ಯಾಗ ಇರ್ತೀವಿ!"

ಹೇಳಿ ಮುಗಿಯುವುದರೊಳಗೆ ಯಾರದೋ ಹೊಲದಿಂದ ಸೋರಿದ ನೀರಿನ ಕೆಸರಿಗೆ ಹಿಂದಿನ ಗಾಲಿ ಜಾರಿತು. ಗಾಡಿ ಅಡ್ಡ ಬಿತ್ತು. ಖಂಡಪ್ಪ ಎದ್ದವನೇ ಓಡಿದ. ಒಂದು ಚಪ್ಪಲಿ ಕೆಸರಿನಲ್ಲೇ ಉಳಿಯಿತು, ಇನ್ನೊಂದನ್ನು ತಾನೇ ಒದ್ದು ಬಿಸಾಕಿದ. ಹಿಂದಿನಿಂದ ಪರಮಣ್ಣ ಕೂಗಿದ: "ನಡೀ ನೀ! ನಾ ಮುದುಕಿನ್ನ ಕರ್ಕೊಂಡು ಬರ್ತೀನಿ!"

ಅಂಗಳದಲ್ಲಿ ಮನಿಗಾಡಿ ತಣ್ಣಗೆ ನಿಂತಿತ್ತು. ಅದರ ಹೊಟ್ಟೆಯ ಕೆಳಗಿಂದ ಬೂದು ಹೊಗೆ ನೆಲಕ್ಕೆ ಅಂಟಿಕೊಂಡು ಹರಿಯುತ್ತಿತ್ತು. ಹೀಟರ್ ಟಕ್ ಟಕ್ ಎನ್ನುತ್ತಿತ್ತು. ಬಾಗಿಲು ಮುಚ್ಚಿತ್ತು. ಮೆಟ್ಟಿಲ ಮೇಲೆ ದೇವಕಮ್ಮಳ ಎರಡೂ ಚಪ್ಪಲಿಗಳಿದ್ದವು.

ಅಂದರೆ ಇಬ್ಬರೂ ಒಳಗೇ ಇದ್ದಾರೆ. ಬಾಗಿಲು ಎಳೆದ. ಸುಟ್ಟ ಡೀಸೆಲಿನ ಬಿಸಿ ಮುಖಕ್ಕೆ ರಾಚಿತು.

"ದೇವಕೀ!"

ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಹಾಸಿಗೆಗೆ ಕೈ ಹಾಕಿದ. ಕೌದಿ. ಇನ್ನೊಂದು ಕೌದಿ. ಅದರ ಕೆಳಗೆ ಯಾರೂ ಇಲ್ಲ. ಹಾಸಿಗೆಯ ಆಚೆ, ಒಲೆಯ ಕೆಳಗೆ, ಎಲ್ಲಿಯೂ ಇಲ್ಲ. ಹೀಟರಿನ ವೈರನ್ನು ಕಿತ್ತೆಸೆದು ಹೊರಗೆ ಬಿದ್ದ.

ಆಗ ಕಂಡಿತು. ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲ ಮೇಲಿನ ಒನಕೆ ಒಂದು ಕಡೆಗೆ ಸರಿದು ಸೊಟ್ಟಗೆ ಬಿದ್ದಿತ್ತು.

ದೇವಕಮ್ಮ ಒಲೆಯ ಪಕ್ಕ ಗೋಡೆಗೆ ಒರಗಿ ಕೂತಿದ್ದಳು. ಮುಖ ಬೆವತಿತ್ತು, ಸೆರಗಿನ ಮೇಲೆ ವಾಂತಿ. ಕೂಸು ಅವಳ ಎದೆಯ ಮೇಲೆ ಸೀರೆಯೊಳಗೆ.

"ಯಪ್ಪಾ, ಅಳವಲ್ದು," ಅಂದಳು. "ತಲಿ ಸೀಳಾಕತ್ತೈತಿ ನನಗ. ಇದು ಅಳವಲ್ದು ನೋಡು."

ಖಂಡಪ್ಪ ಕೂಸನ್ನು ಎತ್ತಿ ಬಾಗಿಲ ಹೊರಗೆ, ಬಯಲ ಗಾಳಿಗೆ ಒಯ್ದ. ಅಂಗಾಲಿಗೆ ಬೆರಳಿನಿಂದ ತಟ್ಟಿದ. ಏನೂ ಇಲ್ಲ. ಮತ್ತೆ ತಟ್ಟಿದ. ಕೆಸರು ಮೆತ್ತಿದ ಅವನ ಕೈಯಲ್ಲಿ ಆ ಕಾಲು ಅವರೆಕಾಯಿಯಷ್ಟೇ ಇತ್ತು. ತುಟಿ ಒಮ್ಮೆ ಸೊಟ್ಟಗಾಯಿತು. ಸೀನಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ದನಿ ಎಳೆಯಿತು. ಅದರ ಹಿಂದೆ ಇನ್ನೊಂದು, ಜೋರಾಗಿ.

ಅವನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. "ಹೆಂಗ ಗೊತ್ತಾತವ್ವ ನಿನಗ?"

"ಇಂಜಿನ್ ಖೋಲಿ ವಾಸನಿ ಬಂತು," ಅಂದಳು ದೇವಕಮ್ಮ, ಬಾಗಿಲ ಚೌಕಟ್ಟು ಹಿಡಿದು. "ಸಣ್ಣಾಕಿದ್ದಾಗ ಹೊಲದಾಗ ಡೀಸೆಲ್ ಇಂಜಿನ್ ಇಟ್ಟ ಖೋಲ್ಯಾಗ ಆಡಾಕ ಹೋಗಿದ್ದಕ್ಕ ಹೊಡದಿದ್ದೆಲ್ಲ ನೀ. ಆ ವಾಸನಿ ಬಂದ್ರ ಹೊರಗ ಓಡು, ಚಪ್ಪಲಿ ಸುದ್ದಾ ಹುಡುಕಬ್ಯಾಡ ಅಂದಿದ್ದಿ. ಹೊರಗ ಬಂದೆ, ಚಳಿ ಅಂದ್ರ ಚಳಿ. ಕೂಸಿಗೆ ಚಳಿ ಹತ್ತಬಾರದು ಅಂದಿದ್ರಲ್ಲ. ಮತ್ತೆಲ್ಲಿ ಹೋಗ್ಲಿ? ಮನ್ಯಾಗ ಹೊಕ್ಕೆ." ಒನಕೆಯ ಕಡೆ ನೋಡಿ ಕೇಳಿದಳು: "ಆಯಿ ಬೈತಾಳೇನು?"

ಅಷ್ಟರಲ್ಲಿ ಕೆಸರು ಮುಕ್ಕಿದ ಮೋಟರ್‌ಸೈಕಲ್ ಬಂತು. ಕರೆಮ್ಮ ಇಳಿಯಲಿಲ್ಲ, ಉರುಳಿದಳು. ಅಂಗಳದಲ್ಲಿ ನಿಂತು ಒನಕೆ ನೋಡಿದಳು, ಹೊಸ್ತಿಲ ಒಳಗೆ ನಿಂತ ಮೊಮ್ಮಗಳನ್ನು ನೋಡಿದಳು, ಬಾಯಿ ದೊಡ್ಡದಾಗಿ ತೆರೆದು ಅಳುತ್ತಿದ್ದ ಕೂಸನ್ನು ನೋಡಿದಳು. ಆಗಿನ್ನೂ ಆರೂವರೆ.

ಪರಮಣ್ಣ ಅಭ್ಯಾಸಬಲದಿಂದ ಗಡಿಯಾರ ನೋಡಿದ. "ಅಮಾಸಿ ಇನ್ನೂ ನಲವತ್ತು ನಿಮಿಷ..."

"ಬಾಯಿ ಮುಚ್ಚೋ!" ಕರೆಮ್ಮ ಬಗ್ಗಿ ಒನಕೆ ಎತ್ತಿ ಅಂಗಳಕ್ಕೆ ಎಸೆದಳು. "ನಿನ್ನ ಗಡಿಯಾರ ನಿನ್ನ ತೂಬಿಗೆ ಇಟ್ಕೋ." ಹೊಸ್ತಿಲ ಮೇಲೆ ಕೂತು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡಳು. ಉಗುರಿನ ಸಂದಿಯಲ್ಲಿ ಆ ಹಸಿಮಣ್ಣು ಇನ್ನೂ ಇತ್ತು. "ಇದ ಕೈಲೆ ಮೆತ್ತಿದ್ನೋ ಖಂಡಪ್ಪಾ. ಇದ ಕೈಲೆ."

"ನೀ ಮುಚ್ಚಿದ್ದು ಒಂದು ತೂತು ಯವ್ವಾ. ನಾ ಮುಚ್ಚದ ಬಿಟ್ಟಿದ್ದು ಇನ್ನೊಂದು. ಅದು ಎರಡು ತಿಂಗಳದ್ದು." ಅವನು ಎದ್ದ. "ಅಳೋದು ಆಮ್ಯಾಲೆ. ಆ ಗಾಳಿ ರಕ್ತದಾಗ ಹೊಕ್ಕಿರ್ತೈತಿ. ಇಬ್ರನ್ನೂ ಶಹಾಪುರಕ್ಕ ಒಯ್ಯಬೇಕು, ಈಗ."

ಆಂಬುಲೆನ್ಸ್ ಕರೆಯಲು ಟವರ್ ಇಲ್ಲ. ಊರಲ್ಲಿದ್ದ ನಾಲ್ಕು ಗಾಲಿಯ ಗಾಡಿ ಅದೊಂದೇ. ಖಂಡಪ್ಪ ಎಲ್ಲ ಬಾಗಿಲೂ ತೆರೆದಿಟ್ಟು ಒಳಗಿನ ಹೊಗೆ ಹೊರಗೆ ಹಾಕಿದ. ಕರೆಮ್ಮ ಯಾರೂ ಹೇಳದೆ ಒಳಗೆ ಹತ್ತಿ ಕಿಟಕಿಯ ಸಂದಿಯಿಂದ ಒಂದೊಂದೇ ಚಿಂದಿ ಕಿತ್ತು ಹೊರಗೆ ಎಸೆದಳು. ಮೊಮ್ಮಗಳ ಕಿವಿಯ ಹತ್ತಿಯನ್ನೂ ಕಿತ್ತಳು. ಪರಮಣ್ಣ ಹಿಂದೆ ಕೂಗಿದ: "ನಿನ್ನ ಪಾಳಿ ನೀರು ನಿನ್ನ ಹೊಲಕ್ಕೇ ಬಿಡ್ತೀನಿ, ಏಳರತನಕ. ಏಳೂ ಐದರತನಕ ಅಲ್ಲ ಮತ್ತ!"

ದಾರಿಯುದ್ದಕ್ಕೂ ಗಾಳಿ ಗಾಡಿಯ ಈ ಕಡೆಯಿಂದ ಆ ಕಡೆಗೆ ಹಾಯ್ದುಹೋಗುತ್ತಿತ್ತು. ಕೂಸು ಕರೆಮ್ಮನ ಎದೆಗಂಟಿ, ಕುಂಚಿಗಿಯೊಳಗೆ, ಮೂಗಷ್ಟೇ ಹೊರಗಿಟ್ಟು ಅಳುತ್ತಿತ್ತು. ಅದು ಸುಮ್ಮನಾದಾಗಲೆಲ್ಲ ಅವಳು ಬಗ್ಗಿ ಅದರ ಉಸಿರಿಗೆ ಕೆನ್ನೆ ಹಿಡಿದು ನೋಡುತ್ತಿದ್ದಳು. ಸಡಿಲವಾದ ಕಿಟಕಿಯ ಗಾಜು ಪದೇ ಪದೇ ಮುಚ್ಚಿಕೊಳ್ಳುತ್ತಿತ್ತು; ಇನ್ನೊಂದು ಕೈಯಿಂದ ಅದನ್ನು ಹಿಂದಕ್ಕೆ ತಳ್ಳಿ ಹಿಡಿದಿದ್ದಳು.

"ಆಯಿ, ನನಗ ಗಾಳಿ ಬಡಿಯಾಕತ್ತೈತಿ," ಅಂದಳು ದೇವಕಮ್ಮ, ಕಣ್ಣು ಮುಚ್ಚಿಯೇ.

"ಬಡೀಲಿ. ಬಾಯಿ ತಗದು ಕುಡಿ."

ಶಹಾಪುರದ ಗುಡ್ಡ ಕಾಣುವ ತಿರುವಿನಲ್ಲಿ ಟವರ್ ಸಿಕ್ಕಿತು. ಖಂಡಪ್ಪನ ಜೇಬಿನಲ್ಲಿ ಫೋನ್ ಹೊಡೆಯಿತು. ಕೈ ಸ್ಟೇರಿಂಗಿನ ಮೇಲಿದ್ದದ್ದರಿಂದ ಪಕ್ಕದಲ್ಲಿದ್ದ ಕರೆಮ್ಮನೇ ಕಿಟಕಿ ಬಿಟ್ಟು ಅವನ ಜೇಬಿಗೆ ಕೈ ಹಾಕಿ ತೆಗೆದು ಕಿವಿಗೆ ಹಿಡಿದಳು.

"ನಿಮ್ಮ ಮೋಟರ್ ಬಂದ್ ಆಗಿದೆ."

"ಈಗ ಹೇಳ್ತೀಯೇನ್ ಹಾಟ್ಯಾ!" ಎಂದು ಅವಳು ಫೋನನ್ನು ಬೈದಳು. ಬೈದ ಸಪ್ಪಳಕ್ಕೆ ಕೂಸು ಮತ್ತೆ ಎಚ್ಚೆತ್ತು ಕಿರುಚಿತು. ಕರೆಮ್ಮ ಸಮಾಧಾನ ಮಾಡಲಿಲ್ಲ. ಆಸ್ಪತ್ರೆ ಬರುವತನಕ ಅದು ಹಾಗೆಯೇ ಅಳುತ್ತಿರಲಿ ಎಂದು ಅದರ ಅಂಗಾಲನ್ನು ಮೆಲ್ಲಗೆ ಚಿವುಟುತ್ತ ಕೂತಳು.