ರಿವರ್ಸ್ ಗೇರ್

"ಕೈ ನೋಡು, ಕೈ! ಬಲಕ್ಕೆ ತಿರುಗ್ಸು ಅಂದ್ರೆ ಎಡಕ್ಕೆ ತಿರುಗಿಸ್ತೀಯಲ್ಲಮ್ಮ!"

ಟ್ರ್ಯಾಕ್ಟರನ್ನು ಹಿಂದಕ್ಕೆ ಬಿಡುತ್ತಿದ್ದ ಮಧುಶ್ರೀ ಸ್ಟೇರಿಂಗ್ ಮೇಲಿದ್ದ ತನ್ನ ಕೈ ನೋಡಿದಳು. ನೋಡಿದ್ದೇ ತಡ, ಯಾವುದು ಎಡ ಯಾವುದು ಬಲ ಎಂಬುದೇ ಮರೆತುಹೋಯಿತು. ತೆಂಗಿನಕಾಯಿ ತುಂಬಿದ ಟ್ರೇಲರ್ ಓರೆಯಾಗಿ ಹಿಂದೆ ಸರಿದು, ಗೇಟಿನ ಕಂಬಕ್ಕೆ ಕರ್ರೆಂದು ಉಜ್ಜಿ ನಿಂತಿತು. ಮೇಲಿಂದ ಒಂದು ಕಾಯಿ ಉರುಳಿ ಚರಂಡಿ ಸೇರಿತು.

"ಹೋಯ್ತು ಕಂಬ" ಎಂದ ಕಲ್ಲಪ್ಪ, ಅವಳ ಗಂಡನ ಅಣ್ಣ. ಕಂಬ ಹೋಗಿರಲಿಲ್ಲ, ಒಂದಿಷ್ಟು ಸುಣ್ಣ ಹೋಗಿತ್ತು. ಕಡ್ಡಿಯನ್ನು ಗುಡ್ಡ ಮಾಡುವುದು ಆ ಮನುಷ್ಯನಿಗೆ ಹುಟ್ಟುಗುಣ.

ಗಂಡ ವಿಜಯ್ ಬೀರೂರಿನಿಂದ ಬರುವಾಗ ಬೈಕಿನಿಂದ ಬಿದ್ದು, ಕಾಲಿಗೆ ರಾಡು ಹಾಕಿಸಿಕೊಂಡು ಜಗಲಿಯ ಮಂಚ ಹಿಡಿದಿದ್ದ. ಟ್ರ್ಯಾಕ್ಟರನ್ನು ಮುಂದಕ್ಕೆ ಓಡಿಸುವುದನ್ನು ಮಧುಶ್ರೀ ಬೇಗ ಕಲಿತಳು. ಪಂಚನಹಳ್ಳಿ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆದರೂ ಹೆದರದಷ್ಟು ಕಲಿತಳು. ತೊಂದರೆಯೆಲ್ಲ ಹಿಂದಕ್ಕೆ ಬರುವುದರಲ್ಲಿತ್ತು; ಗಾಡಿ ಹೊರಳಿಸಲು ಜಾಗವಿಲ್ಲದ ಅಂಗಳಕ್ಕೆ ಲೋಡನ್ನು ಹಿಮ್ಮುಖವಾಗಿಯೇ ತರಬೇಕಿತ್ತು. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಅದು ಹೊರಳಿದ ಕೂಡಲೇ ಮತ್ತೆ ಅದರ ಜೊತೆಗೇ ತಿರುಗಿಸಬೇಕು. ಯಾವಾಗ, ಎಷ್ಟು ಎಂದು ಕೇಳಿದ್ದಕ್ಕೆ ವಿಜಯ್ ಊಟದ ತಟ್ಟೆಯನ್ನೇ ಗಾಳಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಆ ಕಡೆ ಈ ಕಡೆ ತಿರುಗಿಸಿ ನೋಡಿದ್ದ. ಕೊನೆಗೆ ಸೋತು ತಟ್ಟೆ ಕೆಳಗಿಟ್ಟಿದ್ದ.

"ನಂಗೊತ್ತಿಲ್ಲ ಕಣೇ. ಕೈಗೆ ಗೊತ್ತು."

"ಹಂಗಾದ್ರೆ ನಿನ್ ಕೈನೇ ಕೊಡು" ಎಂದಿದ್ದಳು.

ನಗುವ ಕಾಲ ಅದಾಗಿರಲಿಲ್ಲ. ಹಿಂದಿನ ಸಂಜೆ ಕಲ್ಲಪ್ಪ ಜಗಲಿಯ ಮೇಲೆ ಕೂತು ತೀರ್ಮಾನ ಹೇಳಿ ಹೋಗಿದ್ದ: "ನಾಳೆ ಕಾಯಿ ಲೋಡು ಅವ್ಳೇ ಅಂಗಳಕ್ಕೆ ತಂದ್ರೆ ಸರಿ. ಇಲ್ಲಾಂದ್ರೆ ವಿಜಿ ಎದ್ದು ಓಡಾಡೋವರ್ಗೂ ಟ್ಯಾಕ್ಟ್ರು ನಮ್ಮನೇಲಿ ಇರ್ಲಿ." ಅಣ್ಣನಿಗೆ ಎದುರಾಡಿ ಗೊತ್ತಿಲ್ಲದ ವಿಜಯ್ ಬ್ಯಾಂಡೇಜು ನೋಡುತ್ತಾ ಕೂತಿದ್ದ. ಮಧುಶ್ರೀಗೆ ಮಾತ್ರ ಭಾವನ ಲೆಕ್ಕ ಗೊತ್ತಿತ್ತು. ತವರಿಗೆ ಹೋದ ಹೆಣ್ಣಾದರೂ ಒಂದು ದಿನ ತಿರುಗಿ ಬರುತ್ತಾಳೆ, ಕಲ್ಲಪ್ಪನ ಮನೆಗೆ ಹೋದ ಸಾಮಾನು ಬಂದದ್ದಿಲ್ಲ. ಟ್ರ್ಯಾಕ್ಟರೂ ಹೋದರೆ ಈ ವರ್ಷ ರಾಗಿ ಬಿತ್ತನೆ ಅವನ ಹೊಲ ಮುಗಿದ ಮೇಲೇ, ಅವನಿಗೆ ಮನಸ್ಸು ಬಂದರೆ.

ಅವಳು ಗಾಡಿಯನ್ನು ಮುಂದಕ್ಕೆ ಒಯ್ದು ನೇರ ಮಾಡಿಕೊಂಡಳು. ಕಲ್ಲಪ್ಪ ಗೇಟಿನ ನಡುವೆ ಬಂದು ನಿಂತು ಕೈ ಚಾಚಿದ.

"ಸಾಕು ಇಳಿಯಮ್ಮ. ಒಲೆ ಮುಂದೆ ಕೂರೋರಿಗೆ ಇದೆಲ್ಲ ಯಾಕೆ? ಕೀ ಕೊಡು."

ಮದುವೆಯಾಗಿ ಬಂದಾಗಿನಿಂದ ಭಾವನೆದುರು ಅವಳು ಸೆರಗು ಸರಿಮಾಡಿಕೊಂಡು "ಹೂಂ", "ಇಲ್ಲ" ಅಂದದ್ದೇ ಹೆಚ್ಚು. ಈಗಲೂ ಮೆಲ್ಲಗೇ ಅಂದಳು, "ಕೊಡಲ್ಲ."

"ಏನಂದೆ?"

ಟ್ರ್ಯಾಕ್ಟರಿನ ಸದ್ದಿನಲ್ಲಿ ಮರ್ಯಾದೆಯಿಂದ ಮಾತಾಡಲು ಬರುವುದಿಲ್ಲ. ಕೂಗಲೇಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗೇರ್ ಹಾಕಿ, ಪೂರಾ ಹಿಂದಕ್ಕೆ ತಿರುಗಿ ಅವನ ಮುಖ ನೋಡಿಯೇ ಕೂಗಿದಳು.

"ಕೊಡಲ್ಲ ಅಂದೆ! ಔಷಧಿ ಹೊಡೆಯೋ ಪಂಪು ಎಲ್ಲಿ ಭಾವ? ನಾಳೆ ತಂದ್ಕೊಡ್ತೀನಿ ಅಂತ ತಗೊಂಡೋದ್ರಲ್ಲ, ಆ ನಾಳೆ ಯಾವಾಗ ಬತ್ತದೆ?"

ಟ್ರೇಲರ್ ನಿಧಾನವಾಗಿ ಅವನತ್ತ ಬಂತು. ಕಲ್ಲಪ್ಪ ಒಂದು ಹೆಜ್ಜೆ ಹಿಂದೆ ಇಟ್ಟ.

"ಲೇ ವಿಜಿ, ಹೇಳೋ ಇವ್ಳಿಗೆ..."

"ಅವ್ರಿಗ್ಯಾಕೆ ಹೇಳ್ತೀರಿ? ನನ್ನತ್ರ ಮಾತಾಡಿ! ನಮ್ಮ ಏಣಿ ಏನಾಯ್ತು? ನಿಮ್ಮ ತೋಟದಲ್ಲಿ ನಿಮ್ಮ ಮರಕ್ಕೇ ಒರಗ್ಸಿದ್ದೀರಲ್ಲ! ನಮ್ಮ ಮರದ ಕಾಯಿಗೆ ನಾವು ಹಾರಿ ಹೋಗ್ಬೇಕಾ?"

ಕಲ್ಲಪ್ಪ ಎಡಕ್ಕೆ ಸರಿದ. ಅವನನ್ನು ಬಿಡಬಾರದೆಂಬ ಹಟದಲ್ಲಿ ಅವಳ ಕಣ್ಣು ಅವನ ಜೊತೆಗೇ ಸರಿಯಿತು, ಕೈ ತಾನಾಗಿಯೇ ತಿರುಗಿ ಟ್ರೇಲರೂ ಸರಿಯಿತು. ಅವನು ಬಲಕ್ಕೆ ಬಂದರೆ ಅದೂ ಬಲಕ್ಕೆ. ಹೀಗೆ ಹಿಂದಿಂದಕ್ಕೆ ನಡೆದು ಅವನ ಬೆನ್ನು ದನದ ನೀರಿನ ತೊಟ್ಟಿಗೆ ತಗುಲಿತು.

"ನಿಲ್ಸೇ, ನಿಲ್ಸೇ ತಾಯಿ!"

ಅವಳು ಬ್ರೇಕ್ ಒತ್ತಿದಳು. ಇಂಜಿನ್ ಆರಿಸಿದಳು. ಮೊದಲು ಮಾತಾಡಿದವಳು ಜಗಲಿಯ ಮೇಲಿದ್ದ ಅತ್ತೆ ಕರಿಬಸಮ್ಮ.

"ಒಳಗ್ ಬಂದ್ಬಿಡ್ತಲ್ಲೇ ಮಧು!"

ಮಧುಶ್ರೀ ಆಗ ಮುಂದಕ್ಕೆ ತಿರುಗಿ ನೋಡಿದಳು. ಗೇಟಿನ ಎರಡೂ ಕಂಬಗಳು ಟ್ರ್ಯಾಕ್ಟರಿನ ಮುಂದೆ ನಿಂತಿದ್ದವು. ಯಾವುದಕ್ಕೂ ಹೊಸ ಗಾಯವಿರಲಿಲ್ಲ.

"ಹೆಂಗೆ ತಿರುಗಿಸ್ದೆ?" ಮಂಚದಿಂದ ವಿಜಯ್ ಕೇಳಿದ.

"ನಂಗೇನ್ಗೊತ್ತು?" ಎಂದಳು. ಸ್ಟೇರಿಂಗ್ ಮೇಲಿದ್ದ ಕೈಯನ್ನು ಒಮ್ಮೆ ನೋಡಿ ನಕ್ಕಳು.

ಕಲ್ಲಪ್ಪ ಪಂಚೆ ಕೊಡವಿಕೊಂಡ. "ಏನೋ ಕುರುಡು ಅದೃಷ್ಟ. ಇನ್ನೊಂದ್ಸಲ ಬರ್ಲಿ ನೋಡಾಣ" ಎಂದು ಹೊರಡಲು ಹೆಜ್ಜೆ ಎತ್ತಿದ.

ಮಧುಶ್ರೀ ಇಂಜಿನ್ ಶುರುಮಾಡಿ, ಅಷ್ಟು ಕಷ್ಟಪಟ್ಟು ಒಳಗೆ ತಂದ ಲೋಡನ್ನು ಮತ್ತೆ ಬೀದಿಯವರೆಗೂ ಒಯ್ದಳು. ಕರಿಬಸಮ್ಮ "ಅಯ್ಯೋ" ಎಂದು ಬಾಯಿಗೆ ಸೆರಗು ಇಟ್ಟುಕೊಂಡಳು.

"ಭಾವ, ಅಲ್ಲೇ ತೊಟ್ಟಿ ಹತ್ರಾನೇ ನಿಂತ್ಕೊಳ್ಳಿ" ಬೀದಿಯಿಂದಲೇ ಕೂಗಿದಳು. "ಪಂಪಿನ ವಿಚಾರ ಇನ್ನೂ ಮುಗ್ದಿಲ್ಲ."

ಎತ್ತಿದ ಹೆಜ್ಜೆಯನ್ನು ಕಲ್ಲಪ್ಪ ಅಲ್ಲೇ ಇಳಿಸಿದ. ಅವಳು ಹಿಂದಕ್ಕೆ ತಿರುಗಿ, ಅವನನ್ನೇ ನೋಡುತ್ತಾ ಗೇರ್ ಹಾಕಿದಳು.