ಎಡಗಡೆಯ ಹೂವು

ತಾಳ್ಯದ ಆ ಮನೆಯಲ್ಲಿ ಶಾಂತಿ ಹಿರಿಸೊಸೆ, ಅಂಜಲಿ ಕಿರಿಸೊಸೆ. ಹೊರಗಿನವರ ಕಣ್ಣಿಗೆ ಇಬ್ಬರೂ ಒಡಹುಟ್ಟಿದವರ ಹಾಗೆ ಹೊಂದಿಕೊಂಡಿದ್ದರು. ಆದರೆ ಅಂಜಲಿಯ ಅವ್ವ ಕಾಳಕ್ಕ ಐಮಂಗಲದಿಂದ ಚೀಲ ಹೊತ್ತು ಬಂದಾಗಲೆಲ್ಲ ಶಾಂತಿಯ ಹೊಟ್ಟೆಯೊಳಗೆ ಒಲೆ ಹೊತ್ತಿಕೊಳ್ಳುತ್ತಿತ್ತು. ಚಟ್ನಿಪುಡಿ, ಕರ್ಜಿಕಾಯಿ, ಮೇಲೊಂದು ಮೊಳ ಹೂವು. ಒಂದಲ್ಲ, ಎರಡು ಮೊಳ, ಶಾಂತಿಗೂ ಒಂದು. ಆ ತನ್ನ ಪಾಲಿನ ಮೊಳವೇ ಅವಳಿಗೆ ಹೆಚ್ಚು ಉರಿಸುತ್ತಿತ್ತು.

ಉರಿಯದೆ ಇನ್ನೇನು? ಅವಳ ತವರು ಚಿತ್ರದುರ್ಗದ ಬುರುಜನಹಟ್ಟಿ. ಅವ್ವ ಸತ್ತ ಮೇಲೆ ಅಲ್ಲಿಂದ ಒಂದು ಚಿಟಿಕೆ ಕುಂಕುಮವೂ ಬಂದಿರಲಿಲ್ಲ. ಅಣ್ಣ ಚಿತ್ತಪ್ಪ ಹೆಂಡತಿ ಹಾಕಿದ ಗೆರೆ ದಾಟುವವನಲ್ಲ. ಇದನ್ನೆಲ್ಲ ಅತ್ತೆಮನೆಯಲ್ಲಿ ಹೇಳಿಕೊಳ್ಳುವುದುಂಟೆ? ತವರಿನ ಮಾತು ಬಂದರೆ, "ನಮ್ಮಣ್ಣ ಬಾ ಬಾ ಅಂತ ಫೋನ್ ಮಾಡ್ತಾನೇ ಇರ್ತಾನೆ, ನಂಗೇ ಪುರುಸೊತ್ತಿಲ್ಲ" ಎಂದುಬಿಡುತ್ತಿದ್ದಳು. ಹೇಳಿ ಹೇಳಿ ಅವಳಿಗೇ ಅದು ಅರ್ಧ ನಿಜವಾಗಿತ್ತು.

ದಸರಾ ರಜೆಯಲ್ಲಿ ಮನೆಮಂದಿಯೆಲ್ಲ ಒಂದು ದಿನ ಎಲ್ಲಿಗಾದರೂ ಹೋಗಿಬರೋಣವೆಂಬ ಮಾತೆದ್ದಿತು. ಅಂಜಲಿಯ ಗಂಡ ಜಯಕುಮಾರ್, "ಮಾರಿಕಣಿವೆ ಡ್ಯಾಮ್ ತುಂಬೈತೆ. ಹಿರಿಯೂರ ಕಡಿಗೇ ಹೋಗಾಣ" ಎಂದ. ಅತ್ತೆ ತಿಪ್ಪಕ್ಕನ ಮುಖ ಅರಳಿತು. "ದಾರೀಲೇ ಐಮಂಗಲ ಐತಲ್ಲ. ಊಟಕ್ಕೆ ಬೀಗ್ತಿ ಮನಿಗೆ ಹೋದ್ರಾತು."

ಊಟ ಎಂದರೆ ಬರೀ ಊಟವೇ? ಒಬ್ಬ ಸೊಸೆಯ ತವರಿನಲ್ಲಿ ಇಡೀ ಮನೆ ಪಂಕ್ತಿ ಕೂತು ಉಂಡರೆ ಆ ಸೊಸೆಯನ್ನು ಹಿಡಿಯುವವರಿರುವುದಿಲ್ಲ. ಕಾಳಕ್ಕ ಹೋಳಿಗೆಗೆ ತುಪ್ಪ ಸುರಿಯುವುದು, ಅತ್ತೆ ಹೊಗಳುವುದು, ಅಂಜಲಿ ನಾಚಿಕೊಳ್ಳುವುದು, ಎಲ್ಲವೂ ಶಾಂತಿಯ ಕಣ್ಣ ಮುಂದೆ ಬಂತು.

"ನೀರಲ್ಲಿ ನೋಡಾದೇನೈತೆ? ದುರ್ಗಕ್ಕೆ ಹೋಗಾಣ. ಮಕ್ಳು ಪುಸ್ತಕದಾಗೆ ಓದಿದ್ ಕೋಟೆ ಕಣ್ಣಾರೆ ನೋಡ್ಲಿ" ಎಂದಳು.

"ಕೋಟೆ ಎಲ್ಲಿಗೆ ಓಡಿಹೋಗ್ತೈತಕ್ಕ? ಕಣಿವೆ ತುಂಬಾದು ಯಾವಾಗ್ಲೋ ಒಂದ್ಸಲ" ಎಂದಳು ಅಂಜಲಿ.

ಮಾತಿಗೆ ಮಾತು ಬೆಳೆಯಿತು. ಕೊನೆಗೆ ತಿಪ್ಪಕ್ಕ, "ಸುಮ್ಕಿರ್ರಿ, ಚೌಡಮ್ಮನ್ನೇ ಕೇಳಾಣ" ಎಂದಳು. ಆ ಮನೆಯಲ್ಲಿ ಹೆಣ್ಣು ತರುವುದಿರಲಿ, ಎಮ್ಮೆ ಮಾರುವುದಿರಲಿ, ಹೂ ಕೇಳದೆ ಆಗುತ್ತಿರಲಿಲ್ಲ. ಹಿತ್ತಾಳೆಯ ಚೌಡಮ್ಮನ ಎರಡು ಭುಜಕ್ಕೂ ಒದ್ದೆ ಎಸಳು ಅಂಟಿಸಿ ಕಾಯುವುದು; ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ಅಮ್ಮನ ಅಪ್ಪಣೆ. ಬಲಗಡೆ ದುರ್ಗ, ಎಡಗಡೆ ಕಣಿವೆ ಎಂದಾಯಿತು.

ದಿನದ ದೀಪ, ದೇವರ ಸಾಮಾನು ತಿಕ್ಕುವುದು ಅಂಜಲಿಯ ಪಾಲು. ಹೂ ಅಂಟಿಸುವುದು ಮಾತ್ರ ಹಿರಿಸೊಸೆಯ ಹಕ್ಕು. ಶಾಂತಿ ಮಿಂದು ಒಬ್ಬಳೇ ದೇವರ ಕೋಣೆಗೆ ಹೋದಳು. ಬಲಗಡೆಯ ಸೇವಂತಿಗೆ ಎಸಳಿಗೆ ನೀರು ಸೋಕಿಸಿದಳು. ಎಡಗಡೆಯದಕ್ಕೆ ನೈವೇದ್ಯದ ಬೆಲ್ಲವನ್ನು ಕಲಸಿ ಸವರಿ ಒತ್ತಿದಳು. "ತಪ್ಪಾತು ತಾಯಿ, ಇದೊಂದ್ಸಲ" ಎಂದು ಕೆನ್ನೆ ಬಡಿದುಕೊಂಡಳು.

ಎಲ್ಲರೂ ಬಂದು ಕೈಮುಗಿದು ಕೂತರು. ಊದುಬತ್ತಿ ಅರ್ಧ ಉರಿಯುವಷ್ಟರಲ್ಲಿ ಬಲಗಡೆಯ ಎಸಳು ಜಾರಿತು.

"ಅಮ್ಮ ಬಲಗಡೆ ಕೊಟ್ಳು!" ತಿಪ್ಪಕ್ಕ ಎಸಳನ್ನು ಕಣ್ಣಿಗೊತ್ತಿಕೊಂಡು ಶಾಂತಿಯ ಕಡೆ ತಿರುಗಿದಳು. "ಹಂಗಾರೆ ಊಟ ನಿಮ್ಮಣ್ಣನ ಮನೇಲಿ. ಈಗ್ಲೇ ಫೋನ್ ಮಾಡು. ದುರ್ಗಕ್ಕೆ ಹೋಗಿ ಹೋಟ್ಲಲ್ಲಿ ಉಂಡ್ರೆ ಅವ್ನಿಗೆ ಬೇಜಾರಾಗಲ್ವಾ?"

ಐಮಂಗಲದ ಊಟ ತಪ್ಪಿಸುವ ಆತುರದಲ್ಲಿ ಇದು ಅವಳಿಗೆ ಹೊಳೆದೇ ಇರಲಿಲ್ಲ.

ಹಿತ್ತಲಿಗೆ ಹೋಗಿ ಫೋನ್ ಮಾಡಿದಳು. ಅತ್ತಿಗೆ ಎತ್ತಿದಳು. "ಭಾನುವಾರವಾ? ನಾವು ಇರಲ್ಲಮ್ಮ. ಇನ್ಯಾವಾಗಾದ್ರೂ ನೋಡಾಣ." ಹೆಂಗಿದ್ದೀಯ ಎಂದೂ ಕೇಳಲಿಲ್ಲ. "ಹೋಳಿಗೆ ಬ್ಯಾಡತ್ತಿಗೆ, ಅನ್ನ ಸಾರು ಸಾಕು, ನನ್ ಮರ್ಯಾದೆ ಉಳ್ಸು" ಎಂದು ಶಾಂತಿ ಅಂಗಲಾಚುತ್ತಿರುವಾಗಲೇ ಫೋನ್ ಕಟ್ಟಾಯಿತು. ತಿರುಗಿದರೆ ನಲ್ಲಿಯ ಹತ್ತಿರ ಅಂಜಲಿ ಕೊಡ ಹಿಡಿದು ನಿಂತಿದ್ದಳು. ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ.

"ಏನಂದ್ರು?" ಎಂದು ಅತ್ತೆ ಕೇಳಿದಾಗ ಶಾಂತಿ, "ಬರ್ರಿ ಅಂದ್ರು" ಎಂದಳು.

ಭಾನುವಾರ ಕೋಟೆ ಹತ್ತಿದರು. ಮಕ್ಕಳು ಬಂಡೆಯಿಂದ ಬಂಡೆಗೆ ಓಡಿದವು. ತಿಪ್ಪಕ್ಕ ಮಂಡಿ ಹಿಡಿದುಕೊಂಡು ಏಕನಾಥೇಶ್ವರಿಯ ಗುಡಿಯವರೆಗೂ ಬಂದಳು. ಶಾಂತಿ ಮಾತ್ರ ಏನನ್ನೂ ನೋಡಲಿಲ್ಲ. ಮೇಲಿಂದ ಊರಿನ ಮನೆಗಳು ಕಾಣುತ್ತಿದ್ದವು. ಕೆಳಗಿಳಿದ ಮೇಲೆ ಇಷ್ಟು ಜನರನ್ನು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲಿಸಿ ಏನು ಹೇಳಲಿ ಎಂಬುದೊಂದೇ ಅವಳ ಚಿಂತೆ.

ಇಳಿದು ಬಂದರೆ ಕೋಟೆ ಬಾಗಿಲಾಚೆ ಬೇವಿನ ಮರದ ಕೆಳಗೆ ಕಾಳಕ್ಕ ಕೂತಿದ್ದಳು. ಪಕ್ಕದಲ್ಲಿ ಸ್ಟೀಲ್ ಡಬ್ಬಿಗಳು, ಬಾಳೆಲೆಯ ಕಟ್ಟು.

"ಬರ್ರಿ, ಕುಂತ್ಕಳ್ರಿ" ಎಂದಳು. "ಚಿತ್ತಪ್ಪಾರಿಗೆ ಅರ್ಜೆಂಟ್ ಕೆಲ್ಸ ಬಂತಂತೆ. ನಾನೂ ಪ್ಯಾಟೆಗೆ ಬಂದಿದ್ದೆ, ಬಸ್‌ಸ್ಟ್ಯಾಂಡಲ್ಲಿ ಸಿಕ್ರು. ಮನೇಲಿ ಮಾಡ್ಸಿದ್ ಅಡಿಗೇನ ನನ್ ಕೈಗೆ ಕೊಟ್ಟು, ನಮ್ ತಂಗಿಗೆ ತಲುಪ್ಸಿ ಅಂತ ಹೇಳಿ ಹೋದ್ರು."

ಶಾಂತಿ ಕಣ್ಣು ಬಿಟ್ಟುಕೊಂಡು ನಿಂತಳು. ಡಬ್ಬಿಯ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅಕ್ಷರ: ಕಾಳಕ್ಕ, ಐಮಂಗಲ. ತಿಪ್ಪಕ್ಕನಿಗೆ ಓದು ಬಾರದು, ಶಾಂತಿಯ ಗಂಡ ಹನುಮಂತರಾಜುವಿಗೆ ಬರುತ್ತದೆ. ಅವನು ಡಬ್ಬಿಗೆ ಕೈ ಹಾಕುವ ಮೊದಲೇ ಶಾಂತಿ ಮುಚ್ಚಳ ಕಿತ್ತು ಬೋರಲು ಹಾಕಿದಳು. "ಮೊದ್ಲು ಕೈ ತೊಳ್ಕಂಬರ್ರಿ" ಎಂದು ಅವನ ಮೇಲೆ ರೇಗಿದಳು.

ತಿಪ್ಪಕ್ಕ ಎರಡನೆಯ ಹೋಳಿಗೆ ಮುರಿಯುತ್ತಾ, "ಬೀಗ್ತಿ, ನೀನು ಬೇಜಾರ್ ಮಾಡ್ಕಬ್ಯಾಡ. ನಮ್ ಶಾಂತಿಯ ಅತ್ತಿಗೆ ಕೈರುಚಿ ನಿಂದನ್ನೂ ಮೀರ್ಸೈತೆ" ಎಂದಳು.

"ಹೌದೌದು, ನನ್ ಕೈಲಿ ಹಿಂಗೆಲ್ಲಿ ಆಗ್ತೈತೆ" ಎಂದು ಕಾಳಕ್ಕ ಇನ್ನಷ್ಟು ತುಪ್ಪ ಸುರಿದಳು.

ಶಾಂತಿಗೆ ಋಣದ ನೆನಪು ಬರಬೇಕಾದ ಹೊತ್ತಿನಲ್ಲಿ ಹಾಳು ಹೊಟ್ಟೆಕಿಚ್ಚೇ ಬಂತು. ಮಗಳ ಓರಗಿತ್ತಿಯ ಮಾನ ಉಳಿಸಲು ಬಸ್ಸು ಹತ್ತಿ ಬಂದು, ತಾನು ಬೇಯಿಸಿದ ಹೋಳಿಗೆಗೆ ಇನ್ನೊಬ್ಬಳ ಹೆಸರು ಹೇಳುವ ಅವ್ವ! ಇಂಥ ಅವ್ವ ಅಂಜಲಿಗೇ ಯಾಕೆ ಸಿಗಬೇಕಿತ್ತು?

ಸಂಜೆ ತಾಳ್ಯ ತಲುಪಿದ ಮೇಲೆ ಅವಳಿಗೆ ಎಡಗಡೆಯ ಎಸಳು ನೆನಪಾಯಿತು. ಫೋನಿನ ಗಡಿಬಿಡಿಯಲ್ಲಿ ಅದನ್ನು ಕಿತ್ತಿರಲಿಲ್ಲ. ದೇವರ ಕೋಣೆಗೆ ಓಡಿದಳು. ಎಸಳಿರಲಿಲ್ಲ. ಚೌಡಮ್ಮ ಹುಣಸೆಹಣ್ಣು ಹಾಕಿ ತಿಕ್ಕಿಸಿಕೊಂಡು ಫಳಫಳ ಹೊಳೆಯುತ್ತಿದ್ದಳು.

ದೀಪದ ಎಣ್ಣೆ ಹಿಡಿದು ಅಂಜಲಿ ಹಿಂದೆ ಬಂದು ನಿಂತಳು. "ನಾನೇ ತೊಳ್ದೆ ಅಕ್ಕ, ಹೂ ಕೇಳಿದ್ ಮಾರ್ನೇ ದಿನ. ಅಮ್ಮನ ಎಡಗಡೆ ಭುಜಕ್ಕೆ ಇರುವೆ ಹತ್ತಿದ್ವು. ಅತ್ತೆ ನೋಡಿದ್ರೆ ಸುಮ್ನಿರ್ತಿದ್ರಾ?"

ಶಾಂತಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಗೊತ್ತಿದ್ದೂ ನಿಮ್ಮವ್ವನ್ನ ಕರ್ಸಿದ್ಯಾ?"

"ಹಿತ್ಲಾಗೆ ನೀನು ಫೋನಲ್ಲಿ ಅಂಗಲಾಚಾದು ಕೇಳ್ತು." ಅಂಜಲಿ ಬಗ್ಗಿ ಬತ್ತಿ ಸರಿಮಾಡತೊಡಗಿದಳು.

ಶಾಂತಿ ಅವಳ ಕೈಯಿಂದ ಎಣ್ಣೆ ತೆಗೆದುಕೊಂಡು ದೀಪಕ್ಕೆ ಹಾಕಿದಳು.

"ಮುಂದಿನ ವಾರ ಕಣಿವೆಗೆ ಹೋಗಾಣ" ಎಂದಳು ಶಾಂತಿ. "ಊಟ ಐಮಂಗಲದಾಗೇ."

"ಅತ್ತೆ ಹೂ ಕೇಳಬೇಕು ಅಂತಾರೆ."

"ಕೇಳಾಣ. ಈ ಸಲ ನೀನೇ ಅಂಟ್ಸು."

ಹಾಗೆಂದ ಮೇಲೆ, ಆ ಹಕ್ಕೂ ಅವಳ ಪಾಲಾಯಿತಲ್ಲ ಎಂದು ಶಾಂತಿಯ ಹೊಟ್ಟೆ ಚುರುಕ್ಕೆಂದಿತು. ಆದರೂ ಆಡಿದ ಮಾತನ್ನು ಅವಳು ಹಿಂತೆಗೆದುಕೊಳ್ಳಲಿಲ್ಲ.