ಪಂಚಮಿಗೆ ಮನೆಯದೇ ಎಲೆ

ಕೇಣಿ ಊರಿನ ಸುಕ್ರಿಗೆ ಸಿಟ್ಟು ಮೂಗಿನ ತುದಿಯಲ್ಲೇ. ಆದರೆ ನಾಗರಪಂಚಮಿ ಹತ್ತಿರ ಬಂತೆಂದರೆ ಆ ಸಿಟ್ಟನ್ನೆಲ್ಲ ನುಂಗಿಕೊಂಡು ಪಕ್ಕದ ಮನೆಯ ಮಂದಾಕಿನಿಯ ಬೇಲಿಯ ಹತ್ತಿರ ನಿಲ್ಲಬೇಕಾಗುತ್ತಿತ್ತು. ಪಂಚಮಿಯ ಕಡುಬು ಬೇಯುವುದು ಅರಿಶಿನದ ಎಲೆಯಲ್ಲಿ. ಅರಿಶಿನ ಇದ್ದದ್ದು ಮಂದಾಕಿನಿಯ ಹಿತ್ತಲಲ್ಲಿ. ಕೇಳಿದರೆ ಆ ಪುಣ್ಯಾತ್ಗಿತ್ತಿ ಇಲ್ಲವೆನ್ನುತ್ತಿರಲಿಲ್ಲ, "ನಾಳೆ ಬಾ" ಎನ್ನುತ್ತಿದ್ದಳು. ನಾಳೆ ಹೋದರೆ ಮತ್ತೊಂದು ನಾಳೆ. ಕೊನೆಗೆ ಕೊಡುವಾಗ ಬಾವಿಕಟ್ಟೆಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ, "ಒಂದು ಗಡ್ಡೆ ನೆಟ್ಕೊಳ್ಳೂಕೂ ಬರೂದಿಲ್ವೇನೆ ನಿಂಗೆ?" ಎಂದು ನಗುವುದು ಬೇರೆ.

ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ಮರುವರ್ಷ ಸುಕ್ರಿಯ ಮಗಳು ಹೊನ್ನಿಯ ಮದುವೆಯಾಯಿತು. ಹೊಸ ಅಳಿಯ ಮೊದಲ ಪಂಚಮಿಗೆ ಬರುವವನಿದ್ದ. "ಈ ಸಲ ನಿನ್ನ ಎಲೆ ಬ್ಯಾಡ, ಮಂದಾಕಿನಕ್ಕ. ನಮ್ಮ ಹಿತ್ತಲದ್ದೇ ಆತದೆ," ಎಂದು ಸುಕ್ರಿ ಬಾವಿಕಟ್ಟೆಯಲ್ಲೇ ಹೇಳಿಬಿಟ್ಟಳು. ಹೇಳುವಾಗ ಹಿತ್ತಲಲ್ಲಿ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ ಅನ್ನಿ!

ಗಂಡ ತಿಮ್ಮು ಅಮದಳ್ಳಿಯ ನೆಂಟರ ಮನೆಯಿಂದ ಪಂಚೆಯ ತುದಿಯಲ್ಲಿ ಗಡ್ಡೆ ಕಟ್ಟಿಕೊಂಡು ಬಂದ.

"ಅರಿಶಿನವೇ ಹೌದಾ?"

"ಹೌದೆ ಮಾರಾಯ್ತಿ, ನಾನೇ ಅಗೆದು ತಂದದ್ದು."

ಮೊಳಕೆ ಆಗಲೇ ಇಣುಕಿತ್ತು. ಅದು ಮುರಿದೀತೆಂದು ಸುಕ್ರಿ ಗಡ್ಡೆಗೆ ಅಂಟಿದ ಮಣ್ಣನ್ನೂ ಒರೆಸಲಿಲ್ಲ, ಚೂರು ಮಾಡಲೂ ಇಲ್ಲ. ಕೇಣಿಯ ಮರಳುಮಣ್ಣಿಗೆ ಸಗಣಿಗೊಬ್ಬರ, ಬೂದಿ, ಒಣಮೀನಿನ ತಲೆ ಬೆರೆಸಿ ದಿಬ್ಬ ಮಾಡಿ, ಮೊಳಕೆ ಮೇಲ್ಮುಖವಾಗಿ ನೆಟ್ಟು, ತರಗೆಲೆ ಮುಚ್ಚಿದಳು. ಕೋಳಿ ಕೆದಕದಂತೆ ಸುತ್ತ ಮುಳ್ಳು ಹಾಕಿದಳು. ಮಳೆ ಹಿಡಿಯಿತು. ಆಷಾಢ ಮುಗಿಯುವಷ್ಟರಲ್ಲಿ ಎಲೆಗಳು ಮೊಳದುದ್ದ ಎದ್ದು ನಿಂತವು. ಮಂದಾಕಿನಿ ಬೇಲಿಯಾಚೆಯಿಂದ ಕತ್ತು ಉದ್ದ ಮಾಡಿ ನೋಡಿದಳು. ಆ ದಿನ ಸುಕ್ರಿಗೆ ಎರಡು ತುತ್ತು ಹೆಚ್ಚೇ ಸೇರಿತು.

ಪಂಚಮಿಯ ಹಿಂದಿನ ದಿನ ಮಗಳು, ಅಳಿಯ ಬಂದರು. ಹಬ್ಬದ ದಿನ ಮಣ್ಣು ಅಗೆದರೆ ನಾಗನಿಗೆ ಪೆಟ್ಟಾದೀತೆಂದು ತಿಮ್ಮು ಹಾರೆ, ಗುದ್ದಲಿಗಳನ್ನು ಎತ್ತಿಟ್ಟ. ಸಂಜೆ ಎಲೆ ಕೊಯ್ಯಲು ಹೋದ ಹೊನ್ನಿ ಒಂದನ್ನು ಹರಿದು ಮೂಸಿದಳು.

"ಅವ್ವಾ, ಇದು ಅರಿಶಿನ ಅಲ್ವೆ. ಮಾವಿನಕಾಯಿ ವಾಸ್ನೆ ಬತ್ತದೆ!"

ಸುಕ್ರಿ ಮೂಸಿದಳು. ಹೌದು, ನೋಡಲು ಅರಿಶಿನದಂತೆಯೇ ಇರುವ ಮಾವಿನಶುಂಠಿ!

"ಎರಡೂ ಒಂದೇ ಸಾಲಲ್ಲಿ ಇದ್ದಿದ್ವು," ಎಂದು ತಿಮ್ಮು ತಲೆ ಕೆರೆದುಕೊಂಡ. "ನಂಗೆ ಹೆಂಗೆ ಗೊತ್ತಾಗ್ಬೇಕು?"

"ನಶ್ಯ ತುರುಕಿ ತುರುಕಿ ನಿಮ್ಮ ಮೂಗು ಸತ್ತೇ ಹೋಗದೆ!" ಎಂದು ಸುಕ್ರಿ ಹರಿಹಾಯ್ದಳು. ತನಗೂ ಒಂದು ಮೂಗಿದೆಯೆಂಬುದು ಅವಳಿಗೆ ಆಗ ನೆನಪಾಗಲಿಲ್ಲ.

ಅಳಿಯನ ಮುಂದೆ ಮಗಳ ಮಾನ ಹೋಗಬಾರದಲ್ಲ. ಸುಕ್ರಿ ಬುಟ್ಟಿ ಹಿಡಿದು ಬೇಲಿಯ ತನಕ ಹೋದಳು. ಕರೆಯಲು ಮನಸ್ಸಾಗದೆ ಬೇಲಿಯ ಗೂಟ ಹಿಡಿದು ನಿಂತಳು. ಹಿಂದಿನಿಂದ ಬಂದ ಹೊನ್ನಿ ಕೈ ಹಿಡಿದಳು.

"ಬ್ಯಾಡ ಅವ್ವಾ. ನೀ ಇಲ್ಲಿ ನಿಂತ್ಕೊಂಡು ಬೇಡೂದು ನಂಗೆ ಬ್ಯಾಡ. ಇದ್ರಲ್ಲೇ ಮಾಡ್ವ."

ಸುಕ್ರಿಯ ಕಣ್ಣು ತುಂಬಿ ಬಂತು.

ಮರುದಿನ ನಾಗನಿಗೆ ಹಾಲೆರೆದು ಬಂದು, ಅಕ್ಕಿಹಿಟ್ಟನ್ನು ಆ ಎಲೆಗೇ ಬಳಿದು, ಕಾಯಿಬೆಲ್ಲ ತುಂಬಿ, ಮಡಚಿ ಬೇಯಿಸಿದರು. ಮುಚ್ಚಳ ತೆಗೆದರೆ ಮನೆಯೆಲ್ಲ ಮಾವಿನಕಾಯಿಯ ಘಮ! ಅಳಿಯ ಎಲೆ ಬಿಡಿಸಿ ಒಂದು ಚೂರು ಬಾಯಿಗಿಟ್ಟ. ನಿಧಾನ ಅಗಿದ. ಸುಕ್ರಿ ಅವನ ಬಾಯಿಯನ್ನೇ ನೋಡುತ್ತ ನಿಂತಳು.

"ಅತ್ತೆ, ಇನ್ನೆರಡು ಹಾಕಿ," ಎಂದ ಅವನು.

ಅಬ್ಬಾ! ಅವಳು ನಾಲ್ಕು ಹಾಕಿದಳು.

ಅಷ್ಟರಲ್ಲಿ ಬಾಗಿಲಲ್ಲಿ ಮಂದಾಕಿನಿ. "ಎಂತದೇ ಸುಕ್ರಿ ಇದು, ವಾಸ್ನೆ ನಮ್ಮನೆ ತನಕ ಬಂತು?" ಸುಕ್ರಿ ಕಡುಬು ಕೊಟ್ಟಳು. ಮಂದಾಕಿನಿ ನಿಂತಲ್ಲೇ ತಿಂದಳು, ಬೆರಳನ್ನೂ ನೆಕ್ಕಿದಳು. ಆಮೇಲೆ ದನಿ ಇಳಿಸಿ, "ಇದ್ರದ್ದೊಂದು ಗಡ್ಡೆ ನಂಗೂ ಕೊಡ್ತ್ಯೇನೆ?" ಎಂದಳು.

ಸುಕ್ರಿ ಅವಸರ ಮಾಡಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡಳು.

"ಇವತ್ತು ಮಣ್ಣು ಅಗೆಯೂಕಾಗೂದಿಲ್ಲ, ಮಂದಾಕಿನಕ್ಕ. ನಾಳೆ ಬಾ."

ಮಂದಾಕಿನಿಯ ಮುಖ ಒಂದು ಗಳಿಗೆ ಸಣ್ಣದಾಯಿತು. ಮರುಗಳಿಗೆ ಅವಳೇ ಗೊಳ್ಳೆಂದು ನಕ್ಕಳು. ಸುಕ್ರಿಗೂ ನಗು ತಡೆಯಲಾಗಲಿಲ್ಲ.

ಮಾರನೆಯ ದಿನ ಮಂದಾಕಿನಿ ಬರುವ ತನಕ ಸುಕ್ರಿ ಕಾಯಲಿಲ್ಲ. ಮಣ್ಣು ಸಮೇತ ಒಂದು ಬುಡ ಕಿತ್ತು ತಾನೇ ಬೇಲಿಯಾಚೆ ಕೊಟ್ಟಳು. ಬಾವಿಕಟ್ಟೆಯಲ್ಲಿ ಜನ ಸೇರಿದ ಹೊತ್ತು ನೋಡಿಯೇ ಕೊಟ್ಟಳು ಅನ್ನಿ.